ಮುಖ ಒಣಗುವವರೆಗೆ

ಹೆಂಡತಿ: ಮುಖ ಒಣಗೋ ತನಕ ನನಗೆ ಏನೂ ಹೇಳಬೇಡಿ ಅಂದೆ ತಾನೆ?

ಗಂಡ: ನಾನೆಲ್ಲಿ ಹೇಳಿದೆ? ಬಾಯಿ ತೆಗೆದೆ, ಅಷ್ಟೇ.

ಹೆಂಡತಿ: ನೀವು ಬಾಯಿ ತೆಗೆದ್ರೆ ಅದರ ಹಿಂದೆ ಏನೋ ಬರುತ್ತೆ. ಮುಚ್ಚಿ.

ಭಾನುವಾರ ಮಧ್ಯಾಹ್ನ. ನಡುಮನೆಯ ಕುರ್ಚಿಯಲ್ಲಿ ಹೆಂಡತಿ ತಲೆ ಹಿಂದಕ್ಕೆ ಚೆಲ್ಲಿ ಕೂತಿದ್ದಾಳೆ. ಮುಖದ ತುಂಬ ಹಸಿರು ಲೇಪ. ಕಣ್ಣು, ತುಟಿ ಬಿಟ್ಟು ಬೇರೇನೂ ಕಾಣುವುದಿಲ್ಲ. ಲೇಪ ಬಿರುಕು ಬಿಟ್ಟೀತೆಂದು ಆ ತುಟಿಯನ್ನೂ ಅಲ್ಲಾಡಿಸಿಯೂ ಅಲ್ಲಾಡಿಸದ ಹಾಗೆ ಮಾತಾಡುತ್ತಾಳೆ. ಅವಳ ಕೆಲಸ ವಿದ್ಯುತ್ ಕಚೇರಿಯ ದೂರು ಕೌಂಟರಿನಲ್ಲಿ. ಎದುರಿಗೆ ನಿಂತವರು ಎಷ್ಟು ಕೂಗಾಡಿದರೂ ಮುಖದ ಒಂದು ಗೆರೆ ಬದಲಾಗದಂತೆ ಕೂರುವುದು ಅವಳಿಗೆ ಕರಗತ. ಲೇಪ ಇಲ್ಲದಾಗಲೇ ಅವಳ ಮನಸ್ಸಿನಲ್ಲಿ ಏನಿದೆಯೆಂದು ಗೊತ್ತಾಗುವುದು ಕಷ್ಟ. ಈಗಂತೂ ಕೇಳುವುದೇ ಬೇಡ.

ಗಂಡ ಮನೆಗಳಿಗೆ ಬಣ್ಣ ಹೊಡೆಯುವವನು. ಅವನ ಸಂಕಟ ಇಷ್ಟು: ಇವತ್ತು ಸಂಜೆಯ ಬಸ್ಸಿಗೆ ಅವನ ಅಕ್ಕ ಬರುತ್ತಿದ್ದಾಳೆ. ಬೆಳಿಗ್ಗೆ ಫೋನ್ ಮಾಡಿ, "ಬರ್ತಿದೀನಿ, ಬಸ್ ಸ್ಟ್ಯಾಂಡಿಗೆ ಬಾ" ಎಂದಷ್ಟೇ ಹೇಳಿ ಇಟ್ಟುಬಿಟ್ಟಳು. ತಾಯಿಯ ಹಾಗೆ ಸಾಕಿದ ಅಕ್ಕ. ಬೇಡ ಎನ್ನುವ ಧೈರ್ಯವೂ ಇಲ್ಲ, ಮನಸ್ಸೂ ಇಲ್ಲ. ಇತ್ತ ಹೆಂಡತಿಯ ಕೆನ್ನೆಯ ಮೇಲೆ ತಿಂಗಳುಗಟ್ಟಲೆಯಿಂದ ಕೆಂಪು ಗುಳ್ಳೆಗಳು. ಚರ್ಮದ ಡಾಕ್ಟರು, "ನಿದ್ದೆ, ಊಟ, ನೀರು, ಮನಸ್ಸು ನಾಲ್ಕೂ ಸರಿಹೋದರೆ ಚರ್ಮ ತಾನಾಗಿ ಸರಿಹೋಗುತ್ತೆ. ಮುಖ್ಯವಾಗಿ ಮನೆಯಲ್ಲಿ ಕಿರಿಕಿರಿ ಇರಬಾರದು" ಎಂದು ಹೇಳಿ ಕಳಿಸಿದ್ದರು. ಹೋದ ಸಲ ಅಕ್ಕ ಬಂದಿದ್ದಾಗ ಹೆಂಡತಿ ಒಂದು ದಿನವೂ ಜಗಳ ಆಡಿರಲಿಲ್ಲ. ಅಷ್ಟೂ ಕೋಪವನ್ನು ಒಳಗೇ ನುಂಗಿಕೊಂಡಳಲ್ಲ ಎಂದು ನೆನೆದರೆ ಅವನಿಗೆ ಈಗಲೂ ಭಯ.

ಗಂಡ: ಮೇಲೆ ಹಚ್ಚೋದ್ರಿಂದ ಏನೂ ಆಗಲ್ಲ ಅಂದಿದ್ರಲ್ಲ ಡಾಕ್ಟರು? ಮತ್ತೆ ಇದ್ಯಾಕೆ?

ಹೆಂಡತಿ: ಇದು ಚರ್ಮಕ್ಕಲ್ಲ, ಮನಸ್ಸಿಗೆ. ಇದನ್ನ ಬಳ್ಕೊಂಡು ಕೂತ್ರೆ ಸ್ವಲ್ಪ ಹೊತ್ತು ಯಾರೂ ಮಾತಾಡಿಸಲ್ಲ ಅಂತ ಅಂದ್ಕೊಂಡಿದ್ದೆ.

ಗಂಡ ಬಗ್ಗಿ, ಗೋಡೆ ಒಣಗಿದೆಯೇ ಎಂದು ನೋಡುವಂತೆ ಬೆರಳ ಹಿಂಬದಿಯಿಂದ ಅವಳ ಗಲ್ಲ ಮುಟ್ಟಿದ.

ಗಂಡ: ಇಲ್ಲಿ ದಪ್ಪ ಬಳಿದಿದೀಯ. ತೆಳ್ಳಗೆ ಎಳೀಬೇಕಿತ್ತು. ಇದು ಸಂಜೆಯಾದ್ರೂ ಒಣಗಲ್ಲ.

ಹೆಂಡತಿ: ಕೈ ತೊಳೆದಿದೀರಾ?

ಗಂಡ: ಟರ್ಪೆಂಟೈನಲ್ಲಿ ತೊಳೆದಿದೀನಿ.

ಹೆಂಡತಿ: ದೂರ ಹೋಗಿ.

ಗಂಡ ಎರಡು ಹೆಜ್ಜೆ ಹಿಂದೆ ಸರಿದು, ಬೇರೆ ಕಡೆಯಿಂದ ವಿಷಯಕ್ಕೆ ಬರಲು ನೋಡಿದ.

ಗಂಡ: ಡಾಕ್ಟರು ಹೇಳಿದ್ದು ನಿಜ ಕಣೇ. ನಾನೂ ಗಿರಾಕಿಗಳಿಗೆ ಅದನ್ನೇ ಹೇಳೋದು. ಗೋಡೆ ಒಳಗೆ ತೇವ ಇದ್ರೆ ಮೇಲೆ ಎಂಥಾ ಬಣ್ಣ ಹೊಡೆದ್ರೂ ಗುಳ್ಳೆ ಏಳುತ್ತೆ.

ಹೆಂಡತಿ: ನಾನು ಗೋಡೇನಾ?

ಗಂಡ: ಒಳ್ಳೇ ಗೋಡೆ.

ಹೆಂಡತಿ: ತೇವ ಹಿಡಿದ ಗೋಡೆ.

ಗಂಡ: ಅದರಲ್ಲಿ ಗೋಡೆ ತಪ್ಪೇನಿಲ್ಲ. ತೇವ ಹೊರಗಿಂದ ಬಂದಿರುತ್ತೆ.

ಹೆಂಡತಿ: ಹೊರಗಿಂದ ಯಾರು ಬಂದ್ರು?

ಗಂಡ ಅಡುಗೆಮನೆಯ ಕಡೆ ತಿರುಗಿಕೊಂಡ.

ಗಂಡ: ಯಾರೂ ಬಂದಿಲ್ಲ. ನೀರು ಕುಡೀತೀಯಾ?

ಹೆಂಡತಿ: ಕುಡಿದಾಯ್ತು.

ಗಂಡ: ರಾತ್ರಿ ನಿದ್ದೆ ಆಯ್ತಾ?

ಹೆಂಡತಿ: ನಿಮ್ಮ ಗೊರಕೆ ಮಧ್ಯೆ ಸಿಕ್ಕಷ್ಟು ಆಯ್ತು.

ಗಂಡ: ಮನಸ್ಸು ಹೇಗಿದೆ?

ಹೆಂಡತಿ: ನೀವು ಕೇಳೋ ತನಕ ಚೆನ್ನಾಗಿತ್ತು.

ಗಂಡ: ಹಾಗಾದ್ರೆ ಒಂದು ಸಲ ಉದ್ದಕ್ಕೆ ಉಸಿರೆಳ್ಕೋ. ಎಳ್ಕೊಂಡು ಹಾಗೇ ಹಿಡ್ಕೋ.

ಹೆಂಡತಿ ಉಸಿರು ಹಿಡಿದಳು. ಉಸಿರು ಹಿಡಿದವರು ಕೂಗಾಡುವುದಕ್ಕಾಗುವುದಿಲ್ಲ, ಆ ಸಂದಿಯಲ್ಲಿ ಅಕ್ಕನ ವಿಷಯ ತೂರಿಸಿಬಿಡಬೇಕು ಎಂಬುದು ಅವನ ಲೆಕ್ಕಾಚಾರ. ಆದರೆ ಹಸಿರಿನ ನಡುವಿನಿಂದ ಎರಡು ಕಣ್ಣು ತನ್ನನ್ನೇ ನೋಡುವುದನ್ನು ಕಂಡದ್ದೇ ಲೆಕ್ಕ ತಪ್ಪಿತು.

ಹೆಂಡತಿ: ಬಿಡಲಾ?

ಗಂಡ: ಬಿಡು.

ಹೆಂಡತಿ: ನೀವೂ ಬಿಡಿ. ಮುಖ ಕೆಂಪಾಗ್ತಿದೆ.

ಗಂಡ ಸೋತು, ಎದುರಿಗಿದ್ದ ಸ್ಟೂಲಿನ ಮೇಲೆ ಕೂತ.

ಗಂಡ: ಒಂದು ಮನೆ ಅಂತ ಇಟ್ಕೋ.

ಹೆಂಡತಿ: ಯಾರ ಮನೆ?

ಗಂಡ: ಯಾರದ್ದೋ. ಗಂಡ, ಹೆಂಡತಿ ಇಬ್ಬರೇ. ಹೆಂಡತಿಗೆ ಹುಷಾರಿಲ್ಲ.

ಹೆಂಡತಿ: ಗಂಡ ಹೇಗೆ?

ಗಂಡ: ಒಳ್ಳೆಯವನು.

ಹೆಂಡತಿ: ಹಾಗಾದ್ರೆ ನಮಗೆ ಗೊತ್ತಿಲ್ಲದವರು. ಹೇಳಿ.

ಗಂಡ: ಆ ಮನೆಗೆ ಒಬ್ಬರು ಬಂದು ಸ್ವಲ್ಪ ದಿನ ಇರ್ತಾರೆ.

ಹೆಂಡತಿ: ಹೆಂಗಸೋ, ಗಂಡಸೋ?

ಗಂಡ: ಹೆಂಗಸು.

ಹೆಂಡತಿ: ಕರ್ಕೊಂಡು ಬರೋರು ಯಾರು?

ಗಂಡ: ಗಂಡಾನೇ ಬಸ್ ಸ್ಟ್ಯಾಂಡಿಗೆ ಹೋಗಿ ಕರ್ಕೊಂಡು ಬರ್ತಾನೆ.

ಹೆಂಡತಿ: ಹೆಂಡತಿಗೆ ಹೇಳದೆ?

ಗಂಡ: ಹೇಳೋಕೆ ಅವನಿಗೆ ಧೈರ್ಯ ಸಾಲದು.

ಹೆಂಡತಿ: ಅವನಿಗೂ ಆ ಹೆಂಗಸಿಗೂ ಎಷ್ಟು ದಿನದಿಂದ ನಡೀತಿದೆ ಇದು?

ಗಂಡ: ಹುಟ್ಟಿದಾಗಿಂದ!

ಲೇಪದಲ್ಲಿ ತುಟಿಯ ಅಂಚಿನಿಂದ ಕೆನ್ನೆಯವರೆಗೆ ಒಂದು ಬಿರುಕು ಓಡಿತು. ಒಳಗಿನಿಂದ ಕೋಪ ಒತ್ತಿಕೊಂಡು ಬರುತ್ತಿದೆ ಎಂದುಕೊಂಡು ಗಂಡ ಸ್ಟೂಲಿನಿಂದ ಎದ್ದುನಿಂತ.

ಹೆಂಡತಿ: ದೂರು ಬರ್ಕೊಂಡೆ. ಆ ಹೆಂಗಸಿನ ಹೆಸರು, ವಿಳಾಸ?

ಗಂಡ: ಅಕ್ಕ ಕಣೇ! ನಮ್ಮಕ್ಕ! ಸಂಜೆ ಬಸ್ಸಿಗೆ ಬರ್ತಿದಾಳೆ. ನಾನು ಕರೆದಿಲ್ಲ, ನನ್ನಾಣೆ. ಅವಳಿಗೆ ಬರಬೇಡ ಅನ್ನೋಕೆ ನನ್ನ ಕೈಲಿ ಆಗಲ್ಲ. ನಿನ್ನ ಕೆನ್ನೆ ನೋಡಿದ್ರೆ ಕರುಳು ಕಿವುಚಿದ ಹಾಗಾಗುತ್ತೆ. ಈಗ ತಾನೇ ಒಂಚೂರು ಇಳೀತಿತ್ತು. ನೀನು ಬೇಡ ಅಂದ್ರೆ ಬಸ್ ಸ್ಟ್ಯಾಂಡಲ್ಲೇ ಕಾಫಿ ಕುಡಿಸಿ, ಏನೋ ಒಂದು ನೆಪ ಹೇಳಿ ವಾಪಸ್ ಹತ್ತಿಸಿ ಬರ್ತೀನಿ.

ಅಕ್ಕನನ್ನು ಬಸ್ ಸ್ಟ್ಯಾಂಡಿನಿಂದಲೇ ಹಿಂದಕ್ಕೆ ಕಳಿಸುವುದನ್ನು ನೆನೆದು ಅವನಿಗೆ ನಿಜಕ್ಕೂ ಅಳು ಬಂದಿತ್ತು.

ಹೆಂಡತಿ: ಹತ್ತಿಸಬೇಡಿ. ನಾನೇ ಕರೆಸಿದ್ದು.

ಗಂಡ: ಯಾರನ್ನ?

ಹೆಂಡತಿ: ನಿಮ್ಮಕ್ಕನ್ನ. ನಾನು ಕರೆದಿದ್ದು ಅಂತ ನಿಮಗೆ ಹೇಳಬೇಡಿ ಅಂತಾನೂ ನಾನೇ ಹೇಳಿದ್ದು. ಹೇಳಿದ್ರೆ ಯಾಕೆ ಕರೆಸಿದ್ದು ಅಂತ ನಿಮಗೆ ಗೊತ್ತಾಗಿ, ಬೆಳಿಗ್ಗೇನೇ ಎಲ್ಲಾದ್ರೂ ಕೆಲಸ ಇದೆ ಅಂತ ಬೇರೆ ಊರಿಗೆ ಓಡಿರ್ತಿದ್ರಿ.

ಗಂಡ: ಹೋದ ಸಲ ಅವಳು ಇದ್ದಷ್ಟು ದಿನ ನೀನು ಬಾಯೇ ಬಿಡಲಿಲ್ಲ. ನಾನು ಸಿಟ್ಟು ಅಂದ್ಕೊಂಡಿದ್ದೆ.

ಹೆಂಡತಿ: ಬಾಯಿ ಬಿಡೋ ಕೆಲಸಾನೇ ಇರ್ಲಿಲ್ಲ. ನೀವು ಹೊತ್ತಿಗೆ ಸರಿಯಾಗಿ ಟೀವಿ ಆರಿಸ್ತಿದ್ರಿ. ಒದ್ದೆ ಟವೆಲ್ ಹಾಸಿಗೆ ಮೇಲೆ ಬೀಳ್ತಿರ್ಲಿಲ್ಲ. ಬಣ್ಣದ ಡಬ್ಬಿ ಬಚ್ಚಲಿಗೆ ಬರ್ತಿರ್ಲಿಲ್ಲ. ಉಂಡ ತಟ್ಟೆ ನೀವೇ ತೊಳೀತಿದ್ರಿ.

ಗಂಡ: ಅಕ್ಕ ಬೈತಿದ್ಲಲ್ಲ, ಅದಕ್ಕೆ.

ಹೆಂಡತಿ: ನಾನು ಬೈದ್ರೆ ನನಗೆ ಗುಳ್ಳೆ ಏಳುತ್ತೆ. ಅವರು ಬೈದ್ರೆ ಅವರಿಗೆ ಏನೂ ಆಗಲ್ಲ. ಈ ವಯಸ್ಸಲ್ಲೂ ಅವರ ಮುಖ ನೋಡಿದೀರಾ, ಎಷ್ಟು ನುಣ್ಣಗಿದೆ? ನನ್ನ ಪಾಲಿಂದೂ ಅವರೇ ಬೈತಿದ್ರು, ನಾನು ಕಣ್ತುಂಬ ನಿದ್ದೆ ಮಾಡ್ತಿದ್ದೆ. ಅವರು ಊರಿಗೆ ಹೋದ ಮೇಲೆ ತಾನೆ ಇದೆಲ್ಲ ಶುರುವಾಗಿದ್ದು?

ಗಂಡ ಯೋಚಿಸಿದ. ಹೌದು, ಅಕ್ಕ ಹೋದ ಮೇಲೆಯೇ. ಆ ದಿನಗಳನ್ನು ಅವನು ಜೈಲುವಾಸ ಎಂದು ನೆನಪಿಟ್ಟುಕೊಂಡಿದ್ದನೇ ಹೊರತು, ಅದೇ ಮನೆಯಲ್ಲಿ ಇನ್ನೊಬ್ಬರು ಹಾಯಾಗಿದ್ದರೆಂದು ಅವನಿಗೆ ಹೊಳೆದೇ ಇರಲಿಲ್ಲ.

ಗಂಡ: ಈ ಸಲ ಎಷ್ಟು ದಿನ ಇರ್ತಾಳಂತೆ?

ಹೆಂಡತಿ: ಕಾರಣ ಹುಡುಕಿ, ಕಾರಣಕ್ಕೇ ಔಷಧಿ ಮಾಡಿ ಅಂದ್ರು ಡಾಕ್ಟರು. ಕಾರಣ ನೀವು. ಔಷಧಿ ನಿಮ್ಮಕ್ಕ. ಪೂರ್ತಿ ಗುಣ ಆಗೋ ತನಕ ನಿಲ್ಲಿಸೋ ಹಾಗಿಲ್ಲ.

ಗಂಡನ ಕೈ ತಾನಾಗಿ ಕತ್ತಿನ ಹಿಂದಕ್ಕೆ ಹೋಯಿತು, ಅಲ್ಲಿಂದ ಕಿವಿಯ ಸಂದಿಗೆ, ಅಲ್ಲಿಂದ ಮೊಣಕೈಗೆ.

ಹೆಂಡತಿ: ಏನಾಯ್ತು?

ಗಂಡ: ಏನೋ ನವೆ.

ಹೆಂಡತಿ: ಯಾವಾಗಿಂದ?

ಗಂಡ: ಈಗ್ಲಿಂದ.

ಹೆಂಡತಿ: ಬಸ್ಸಿಗೆ ಹೊತ್ತಾಯ್ತು, ಹೊರಡಿ. ದಾರಿಯಲ್ಲಿ ಕೆರ್ಕೋಬೇಡಿ, ಕಲೆ ಉಳಿಯುತ್ತೆ.