ಅಲ್ಪವಿರಾಮನ ಮೇಲೆ ವರ್ತಿಸುವ ಬಲಗಳು

ನನ್ನ ಗೆಳೆಯರೊಬ್ಬರು ತೀರಿಹೋಗಿ ನನಗೆ ಮಾಡಿದ ಅನ್ಯಾಯ ಒಂದೆರಡಲ್ಲ. ಸಂಜೆಯ ಚಹಾಕ್ಕೆ ಎದುರು ಕುರ್ಚಿ ಖಾಲಿ ಮಾಡಿದರು. ಓದಲೆಂದು ಒಯ್ದ ನನ್ನ ಪುಸ್ತಕಗಳನ್ನು ಹಿಂದಿರುಗಿಸದೆ ಹೋದರು. ಇದನ್ನೆಲ್ಲ ಹೇಗೋ ನುಂಗಿಕೊಳ್ಳಬಹುದು. ಆದರೆ ಹೋಗುವಾಗ ಹತ್ತನೇ ತರಗತಿಯ ಭೌತಶಾಸ್ತ್ರವನ್ನು ನನ್ನ ಕೊರಳಿಗೆ ಕಟ್ಟಿ ಹೋದರಲ್ಲ, ಅದನ್ನು ಮಾತ್ರ ಇನ್ನೂ ಕ್ಷಮಿಸಲು ಆಗಿಲ್ಲ.

ಅವರು ನಮ್ಮ ಬೀದಿಯ ತುದಿಯ ಪ್ರೌಢಶಾಲೆಯಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಚಿಕ್ಕಂದಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕುಳಿತವರು. ಆದರೂ ಅವರ ಕೈಗೆ ಸೀಮೆಸುಣ್ಣ ಬಂದ ಮೇಲೆ ನನಗೂ ಅವರು ಮೇಷ್ಟ್ರೇ ಆಗಿಬಿಟ್ಟರು. ಜಗಳದ ಸಂದರ್ಭ ಹೊರತು ಏಕವಚನ ಬಾಯಿಗೆ ಬರುತ್ತಿರಲಿಲ್ಲ. ನಾನೋ, ಪುಸ್ತಕ ಪ್ರಕಾಶನವೊಂದರಲ್ಲಿ ಕರಡು ತಿದ್ದುವವನು. ಊರಿನವರ ತಪ್ಪನ್ನೆಲ್ಲ ಕೆಂಪು ಶಾಯಿಯಲ್ಲಿ ತೋರಿಸಿ ಸಂಬಳ ಪಡೆಯುವ ಈ ಸುಖ ಎಲ್ಲರಿಗೂ ಸಿಗುವುದಿಲ್ಲ. ಮೇಷ್ಟ್ರು ನನಗೆ ‘ಅಲ್ಪವಿರಾಮ’ ಎಂದು ಹೆಸರಿಟ್ಟಿದ್ದರು. (ನನ್ನ ಹೆಂಡತಿ ಅದನ್ನು ಮೊದಲ ಸಲ ಕೇಳಿದಾಗ, “ಅಲ್ಪ ಎಲ್ಲಿ ಬಂತು? ರಜಾ ದಿನ ಬಂದು ನೋಡಿ, ಪೂರ್ಣವಿರಾಮ” ಎಂದಿದ್ದಳು. ಅವಳು ಆಸ್ಪತ್ರೆಯಲ್ಲಿ ನರ್ಸ್. ಮಲಗಿರುವ ಗಂಡಸರ ಬಗ್ಗೆ ಅವಳಿಗೆ ಅನುಕಂಪ ಮುಗಿದುಹೋಗಿದೆ.)

ಮೇಷ್ಟ್ರು ದಿನವೂ ಸಂಜೆ ನಮ್ಮ ಊಟದ ಮೇಜಿನ ಬಳಿ ಕುಳಿತು ನನ್ನ ಮಗಳಿಗೆ ಲೆಕ್ಕ ಹಾಕಿಸುತ್ತಿದ್ದರು. ಅವರದೊಂದು ವಿಚಿತ್ರ ಪದ್ಧತಿ. ಪಠ್ಯಪುಸ್ತಕದಲ್ಲಿ ‘ಒಂದು ಕಾಯವು ಇಳಿಜಾರಿನ ಮೇಲೆ ಜಾರುತ್ತಿದೆ’ ಎಂದಿದ್ದರೆ ಅವರು ಒಪ್ಪುತ್ತಿರಲಿಲ್ಲ.

“ಕಾಯ ಅಂದ್ರೆ ಯಾರು ಪುಟ್ಟಿ? ಅದಕ್ಕೊಂದು ಮುಖ ಬೇಡವಾ? ಮುಖ ಇಲ್ಲದ್ದು ಜಾರಿದ್ರೆ ನಮಗೇನು, ಬಿದ್ರೆ ನಮಗೇನು?”

ಆ ಮುಖವನ್ನು ಒದಗಿಸುವ ಭಾಗ್ಯ ನನ್ನದಾಗಿತ್ತು. ಹೀಗಾಗಿ ಅವರ ಲೆಕ್ಕಗಳಲ್ಲಿ ನಾನು ಅನುಭವಿಸದ ಕಷ್ಟವಿಲ್ಲ. ಇಳಿಜಾರಿನಿಂದ ಜಾರಿದ್ದೇನೆ. ಬಾವಿಗೆ ಬಿದ್ದು, ‘ದೊಪ್’ ಎಂಬ ಸದ್ದು ಮೇಲೆ ಬರಲು ಎಷ್ಟು ಹೊತ್ತು ಬೇಕೆಂದು ಅಳೆಸಿಕೊಂಡಿದ್ದೇನೆ. ಬಿಸಿನೀರಿನ ಹಂಡೆಯಲ್ಲಿ ಕುಳಿತು, ನನ್ನ ಉಷ್ಣವೆಷ್ಟು ನೀರಿನ ಉಷ್ಣವೆಷ್ಟು ಎಂದು ಪಾಲು ಮಾಡಿಸಿಕೊಂಡಿದ್ದೇನೆ. ಬಸ್ಸು ಗಕ್ಕನೆ ನಿಂತಾಗಲೆಲ್ಲ ಮುಂದಿನ ಸೀಟಿನವರ ಮಡಿಲಿಗೆ ಬಿದ್ದಿದ್ದೇನೆ. ಅವರಿಗೆ ಅತ್ಯಂತ ಪ್ರಿಯವಾದ ಲೆಕ್ಕ ಇದು: “ಅಲ್ಪವಿರಾಮ ಬೆಳಗಿನಿಂದ ಸಂಜೆ ತನಕ ಸೋಫಾದ ಮೇಲೆ ಕೂತು ದೇಶದ ಸ್ಥಿತಿ ನೆನೆದು ಬೆವರಿದ. ಅವನು ಮಾಡಿದ ಕೆಲಸ ಎಷ್ಟು?”

“ಸೊನ್ನೆ,” ಎಂದು ಅಡುಗೆಮನೆಯಿಂದ ಹೆಂಡತಿಯೇ ಉತ್ತರಿಸುತ್ತಿದ್ದಳು.

“ಕಾರಣ ಹೇಳಬೇಕಮ್ಮ, ಇಲ್ಲಾಂದ್ರೆ ಅರ್ಧ ಅಂಕ.”

“ಸ್ಥಾನಪಲ್ಲಟ ಆಗಿಲ್ಲ ಮಾವ. ಬಲ ಎಷ್ಟಿದ್ರೂ ಜಾಗ ಬಿಟ್ಟು ಕದಲದಿದ್ರೆ ಕೆಲಸ ಸೊನ್ನೆ,” ಎಂದು ಮಗಳು ನಗುತ್ತಿದ್ದಳು.

ಪ್ರತಿ ಲೆಕ್ಕದ ಕೊನೆಗೂ ‘ಘರ್ಷಣೆಯನ್ನು ನಿರ್ಲಕ್ಷಿಸಿ’ ಎಂದೊಂದು ಷರತ್ತು. ನಮ್ಮ ಮನೆಯಲ್ಲಿ ಅದನ್ನು ಅಕ್ಷರಶಃ ಪಾಲಿಸಿದವನು ನಾನೊಬ್ಬನೇ. ಇದೆಲ್ಲ ನಮ್ಮ ಮೇಜಿನ ನಾಲ್ವರ ನಡುವಿನ ತಮಾಷೆ ಎಂದುಕೊಂಡಿದ್ದೆ. ಬೀದಿಯಲ್ಲಿ ಶಾಲೆಯ ಮಕ್ಕಳು ನನ್ನನ್ನು ಕಂಡೊಡನೆ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದುದುಂಟು. ಅಕ್ಷರ ಬಲ್ಲವನಿಗೆ ಎಳೆಯರು ತೋರುವ ಗೌರವ ಅದು ಎಂದು ಭಾವಿಸಿ ನಾನು ಗಂಭೀರವಾಗಿ ತಲೆಯಾಡಿಸಿ ಮುಂದೆ ಹೋಗುತ್ತಿದ್ದೆ.

ಒಂದು ಮಧ್ಯಾಹ್ನ ಮೇಷ್ಟ್ರು ಪಾಠ ಮುಗಿಸಿ, ಕೈಯ ಸುಣ್ಣದ ಪುಡಿ ಕೊಡವಿಕೊಳ್ಳುತ್ತಾ ಸೈಕಲ್ಲಿನ ಬಳಿ ಬಂದವರು ಅಲ್ಲೇ ಕುಸಿದರು. ಮತ್ತೆ ಏಳಲಿಲ್ಲ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಆಮೇಲೆ ಬಂದ ಮೊದಲ ಪರೀಕ್ಷೆಯಲ್ಲಿ ಮಗಳು ಭೌತಶಾಸ್ತ್ರದ ಉತ್ತರ ಪತ್ರಿಕೆಯನ್ನು ಖಾಲಿ ಬಿಟ್ಟು ಬಂದಳು. ಎರಡನೆಯದನ್ನೂ ಹಾಗೆಯೇ. ದೊಡ್ಡ ಪರೀಕ್ಷೆ ಹತ್ತಿರ ಬಂದಿತ್ತು. ಮೇಷ್ಟ್ರ ಹಾಗೆ ತಾನೂ ಭೌತಶಾಸ್ತ್ರ ಕಲಿಸಬೇಕೆಂದು ಅವಳ ಬಹುದಿನದ ಹಂಬಲ. ಅದೇ ವಿಷಯದಲ್ಲಿ ನಪಾಸಾದರೆ ಮುಂದೆ ವಿಜ್ಞಾನದ ಬಾಗಿಲೇ ತೆರೆಯುವುದಿಲ್ಲ. ಟ್ಯೂಷನ್ನಿಗೆ ಬೇರೆಯವರ ಹೆಸರೆತ್ತಿದರೆ ಅವಳು ಎದ್ದು ಒಳಗೆ ಹೋಗುತ್ತಿದ್ದಳು. ಆಗ ನನಗೊಂದು ದಿವ್ಯವಾದ ಉಪಾಯ ಹೊಳೆಯಿತು.

“ನಾನೇ ಹೇಳಿಕೊಡ್ತೀನಿ,” ಎಂದೆ.

ಹೆಂಡತಿ ಇಸ್ತ್ರಿ ಮಾಡುವುದನ್ನು ನಿಲ್ಲಿಸಿದಳು. “ಏನನ್ನ?”

“ಭೌತಶಾಸ್ತ್ರ.”

“ನಿಮಗೆ ಬರುತ್ತಾ?”

“ಇಷ್ಟು ವರ್ಷ ಎಲ್ಲಾ ಲೆಕ್ಕದಲ್ಲೂ ನಾನೇ ಇದ್ನಲ್ಲೇ.”

“ಆಪರೇಷನ್ ಮಾಡಿಸಿಕೊಂಡವರೆಲ್ಲ ಡಾಕ್ಟರಾಗಲ್ಲ ರೀ,” ಎಂದು ಅವಳು ಮತ್ತೆ ಇಸ್ತ್ರಿಗೆ ಬಾಗಿದಳು.

ಪಾಠ ಪ್ರಾರಂಭವಾಯಿತು. ಮೊದಲ ದಿನ ಪಠ್ಯಪುಸ್ತಕದ ವಾಕ್ಯಗಳನ್ನು ತಿದ್ದಿದೆ. ಕ್ರಿಯಾಪದಗಳು ಅಲ್ಲಲ್ಲಿ ಅನಾಥವಾಗಿ ಬಿದ್ದಿದ್ದವು. ಎರಡನೆಯ ದಿನ ವಿದ್ಯುತ್ ಮಂಡಲ. ಸರಣಿಯಲ್ಲಿ ಎರಡು ಒಂದೇ ಬಗೆಯ ಬಲ್ಬುಗಳಿದ್ದರೆ, ಪ್ರವಾಹ ಮೊದಲು ತಲುಪುವ ಬಲ್ಬು ಹೆಚ್ಚು ಬೆಳಗುತ್ತದೆ ಎಂದು ನಾನು ವಿವರಿಸಿದೆ. ಪಂಕ್ತಿಯಲ್ಲಿ ಮೊದಲು ಕುಳಿತವನಿಗೆ ಬಡಿಸುವ ಸೌಟು ತುಂಬಿರುವುದು ಲೋಕಾನುಭವ.

“ಎರಡೂ ಒಂದೇ ಥರ ಬೆಳಗುತ್ತೆ ಅಪ್ಪ,” ಎಂದಳು ಮಗಳು, ಕಿಟಕಿಯ ಕಡೆ ನೋಡುತ್ತ.

“ಪುಸ್ತಕದಲ್ಲಿ ಮುದ್ರಣದೋಷ ಇರಬೇಕು,” ಎಂದು ನಾನು ಅಂಚಿನಲ್ಲಿ ಕೆಂಪು ಗುರುತು ಹಾಕಿದೆ.

ಮೂರನೆಯ ದಿನ ಸಮಾಂತರ ಜೋಡಣೆ. ಇದನ್ನು ಪ್ರಾಯೋಗಿಕವಾಗಿಯೇ ತೋರಿಸುವುದೆಂದು ನಿರ್ಧರಿಸಿದೆ. ಒಂದೇ ಪ್ಲಗ್ಗಿಗೆ ಎಕ್ಸ್‌ಟೆನ್ಷನ್ ಪೆಟ್ಟಿಗೆ ಸಿಕ್ಕಿಸಿ, ನೀರು ಕಾಯಿಸುವ ಕೆಟಲು, ಕೋಣೆ ಬೆಚ್ಚಗೆ ಮಾಡುವ ಹೀಟರು, ಹೆಂಡತಿ ಸಮವಸ್ತ್ರ ತೀಡುತ್ತಿದ್ದ ಇಸ್ತ್ರಿಪೆಟ್ಟಿಗೆ, ಮೂರನ್ನೂ ಒಟ್ಟಿಗೆ ಸೇರಿಸಿದೆ. ಮೂರು ರೋಧಗಳು ಕೂಡಿದರೆ ಒಟ್ಟು ರೋಧ ಹೆಚ್ಚುತ್ತದೆ, ವಿದ್ಯುತ್ ಉಳಿತಾಯವಾಗುತ್ತದೆ ಎಂಬುದು ನನ್ನ ಸಿದ್ಧಾಂತ. ಸ್ವಿಚ್ಚು ಒತ್ತಿದೆ. ‘ಠಪ್’ ಎಂದಿತು. ಮನೆಯೆಲ್ಲ ಕತ್ತಲು.



“ಪಾಠ ಮುಗೀತಾ, ಇನ್ನೂ ಇದೆಯಾ?” ಎಂಬ ಹೆಂಡತಿಯ ಸ್ವರ ಕೇಳಿತು. “ನನ್ನ ಡ್ಯೂಟಿಗೆ ಅರ್ಧ ಗಂಟೆ ಇದೆ. ಒಂದು ತೋಳು ಇಸ್ತ್ರಿ ಆಗಿದೆ. ಇನ್ನೊಂದನ್ನ ನೋಡಿದ ರೋಗಿಗೆ ಏನು ಹೇಳಲಿ?”

ಕತ್ತಲಲ್ಲಿ ಮಗಳ ಸಣ್ಣ ದನಿ ಬಂತು. “ಸಮಾಂತರದಲ್ಲಿ ಸೇರಿಸಿದಷ್ಟೂ ಒಟ್ಟು ರೋಧ ಕಡಿಮೆ ಆಗುತ್ತೆ. ಪ್ರವಾಹ ಹೆಚ್ಚಾಗುತ್ತೆ. ತಂತಿ ಬಿಸಿಯಾಗುತ್ತೆ. ಫ್ಯೂಸ್ ಹೋಗುತ್ತೆ.”

ನಾನು ಮೇಜಿನ ಅಂಚು ಹಿಡಿದುಕೊಂಡೆ. “ನಿನಗೆ ಇದೆಲ್ಲ ಗೊತ್ತು. ಮತ್ತೆ ಯಾಕಮ್ಮ ಬರೆಯಲಿಲ್ಲ?”



“ಆ ಲೆಕ್ಕದೊಳಗೆ ಯಾರೂ ಇಲ್ಲ ಅಪ್ಪ,” ಎಂದಳು.

ಓದಿಕೊಂಡವರಿಗೆ ಒಂದು ಶಾಪವಿದೆ. ನೇರವಾದ ಮಾತು ಅವರಿಗೆ ನೇರವಾಗಿ ತಲುಪುವುದಿಲ್ಲ. ಲೆಕ್ಕದಲ್ಲಿ ಪಾತ್ರಗಳಿಲ್ಲ, ಸನ್ನಿವೇಶವಿಲ್ಲ ಎಂದು ನಾನು ಅರ್ಥ ಮಾಡಿಕೊಂಡೆ. ಮರುದಿನವೇ ಒಂದು ಲೆಕ್ಕ ರಚಿಸಿ ಓದಿದೆ: “ಮುಸ್ಸಂಜೆ. ಯಾವುದೋ ಹಳೆಯ ನೆನಪಿನಿಂದ ಎಚ್ಚೆತ್ತಂತೆ ರೈಲೊಂದು ನಿಲ್ದಾಣ ಬಿಟ್ಟು ಹೊರಟಿತು. ಕಿಟಕಿಯಲ್ಲಿ ಒಬ್ಬ ಪ್ರಯಾಣಿಕ. ಅವನಿಗೆ ಊರು ಹಿಂದೆ ಸರಿಯುತ್ತಿರುವಂತೆ ಕಂಡಿತು.”

“ರೈಲಿನ ವೇಗ ಎಷ್ಟು?” ಎಂದಳು ಮಗಳು.

“ಮಂದ.”

“ದೂರ?”

“ಅಪಾರ.”

“ಕಂಡುಹಿಡಿಯಬೇಕಾದ್ದು ಏನು?”

ಅದನ್ನು ನಾನು ಯೋಚಿಸಿರಲಿಲ್ಲ. ಅವಳು ಪುಸ್ತಕ ಮಡಚಿದಳು. ನನ್ನ ಮುಖ ನೋಡಿ ಪಾಪ ಎನಿಸಿರಬೇಕು, “ಕೇಳೋಕೆ ಚೆನ್ನಾಗಿದೆ ಅಪ್ಪ,” ಎಂದು ಸೇರಿಸಿದಳು.

ಭಾನುವಾರ ಬೆಳಗ್ಗೆ ನನ್ನ ಬತ್ತಳಿಕೆಯ ಕೊನೆಯ ಬಾಣ ಹೊರತೆಗೆದೆ. ಪ್ರತಿಧ್ವನಿ. ಶಾಲೆಯ ಮೈದಾನದ ಆಚೆ ತುದಿಯಲ್ಲಿ ನಿಂತು ಕೂಗಿದರೆ ಕಟ್ಟಡದ ಉದ್ದನೆಯ ಗೋಡೆಗೆ ಬಡಿದು ದನಿ ಹಿಂದಿರುಗುತ್ತದೆ. ಮೇಷ್ಟ್ರು ಎಷ್ಟೋ ಸಲ ನನ್ನಿಂದ ಕೂಗಿಸಿ, ತಾವು ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ದೂರ ಅಳೆಯುತ್ತಿದ್ದರು. ಆ ಗಡಿಯಾರ ಈಗ ನಮ್ಮ ಮನೆಯಲ್ಲಿತ್ತು.

“ಇವತ್ತು ಬೇಡ ಅಪ್ಪ,” ಎಂದಳು ಮಗಳು.

“ಭಾನುವಾರ ಶಾಲೆ ಖಾಲಿ ಇರುತ್ತಲ್ಲ, ಕೂಗಿದರೆ ಕೇಳುವವರಿಲ್ಲ. ನಡಿ.”

ಅವಳು ಏನೋ ಹೇಳಹೋದಳು, ನಾನಾಗಲೇ ಚಪ್ಪಲಿ ಮೆಟ್ಟಿ ಹೊರಟಿದ್ದೆ. ಹಿಂದೆ ಹಿಂದೆ ಬಂದಳು.

ಮೈದಾನದ ತುದಿಯಲ್ಲಿ ನಿಂತು ಗಂಟಲು ಸರಿಮಾಡಿಕೊಂಡೆ. ನಾಟಕದ ರಾಜನ ಹಾಗೆ ‘ಯಾರಲ್ಲಿ’ ಎಂದು ಕೂಗುವುದೆಂದು ಮೊದಲೇ ತೀರ್ಮಾನಿಸಿದ್ದೆ. ಒಂದೇ ಶಬ್ದದಲ್ಲಿ ಗಾಂಭೀರ್ಯವೂ ಇದೆ, ದೀರ್ಘಸ್ವರವೂ ಇದೆ. ಬಾಯಿ ತೆರೆದೆ. ಎದುರಿಗೆ ಅದೇ ಗೋಡೆ, ಅದರ ಮಗ್ಗುಲಲ್ಲಿ ಸೈಕಲ್ ನಿಲ್ಲಿಸುವ ಜಾಗ.

“ಲೋ ಮೇಷ್ಟ್ರೇ, ಎಲ್ಲಿದ್ದೀಯೋ?”

ಜಗಳಕ್ಕೆಂದು ಎತ್ತಿಟ್ಟಿದ್ದ ಏಕವಚನ ಅದು. ಗೋಡೆ ಅದನ್ನು ತೆಗೆದುಕೊಂಡು, ನನ್ನದೇ ದನಿಯಲ್ಲಿ, ನನಗೇ ಹಿಂದಿರುಗಿಸಿತು. ‘...ದ್ದೀಯೋ’. ಆಮೇಲೆ ಮೈದಾನ ಮೌನವಾಯಿತು. ಕೈಯಲ್ಲಿ ಗಡಿಯಾರವಿತ್ತು. ಒತ್ತಿರಲಿಲ್ಲ.

ಮಗಳು ನನ್ನ ತೋಳು ಹಿಡಿದಳು. ಇಬ್ಬರೂ ಹಾಗೆಯೇ ನಿಂತಿದ್ದೆವು.

ಆಗ ಎರಡನೆಯ ಪ್ರತಿಧ್ವನಿ ಬಂತು. ಅದು ನಾನು ಕೂಗಿದ್ದಲ್ಲ. ಮೇಲಿನ ಮಹಡಿಯ ಕಿಟಕಿಗಳಲ್ಲಿ ತಲೆಗಳು ಕಾಣಿಸಿಕೊಂಡಿದ್ದವು. ಅಷ್ಟೂ ತಲೆಗಳು ಒಟ್ಟಿಗೆ ಕೂಗುತ್ತಿದ್ದವು: “ಅಲ್ಪವಿರಾಮ ಮಾವಾ...”

ನಾನು ಮಗಳ ಕಡೆ ತಿರುಗಿದೆ. ಅವಳು ನೆಲ ನೋಡುತ್ತಿದ್ದಳು.

“ಭಾನುವಾರ ವಿಶೇಷ ತರಗತಿ ಇದೆ ಅಪ್ಪ. ಭೌತಶಾಸ್ತ್ರದ್ದು. ನಾನು ಹೋಗ್ತಾ ಇಲ್ಲ. ಅವರ ಬೋರ್ಡಿನ ಮುಂದೆ ಇನ್ನೊಬ್ಬರು ನಿಂತಿರ್ತಾರೆ.”

ಬೈಯಬೇಕೆಂದು ಬಾಯಿ ತೆರೆಯುವಷ್ಟರಲ್ಲಿ, ಸೀಮೆಸುಣ್ಣ ಹಿಡಿದ ಚಿಕ್ಕ ವಯಸ್ಸಿನ ಟೀಚರೊಬ್ಬರು ಓಡುತ್ತ ಬಂದರು. ಮೇಷ್ಟ್ರ ಜಾಗಕ್ಕೆ ಬಂದ ಹೊಸಬರು. ಗದರಿಸಲು ಬಂದರೆಂದುಕೊಂಡು ನಾನು ಕ್ಷಮೆ ಕೇಳಲು ಸಿದ್ಧನಾದೆ.

“ಸರ್, ನೀವೇನಾ ಅವರು?” ಎಂದರು ಆಕೆ, ಏದುಸಿರಿನಲ್ಲಿ. “ನಾನು ಬಂದಾಗಿನಿಂದ ಇದೇ ಗೋಳು. ‘ಒಂದು ಕಾಯ’ ಅಂತ ಲೆಕ್ಕ ಬರೆದ್ರೆ ಒಬ್ಬರೂ ಪೆನ್ನು ಎತ್ತಲ್ಲ. ‘ಮಾವ ಇಲ್ವಾ ಮಿಸ್’ ಅಂತಾರೆ. ನಿಮ್ಮನ್ನ ಬಾವಿಗೆ ತಳ್ಳದೆ ಇವರಿಗೆ ಗುರುತ್ವ ಅರ್ಥವಾಗಲ್ಲ.”

ಬೀದಿಯ ಮಕ್ಕಳ ಗೌರವದ ಮುಗುಳ್ನಗೆಯೆಲ್ಲ ಒಮ್ಮೆಗೇ ನೆನಪಾಯಿತು. ನಮ್ಮ ಮೇಜಿನ ಗುಟ್ಟು ಎಂದುಕೊಂಡದ್ದನ್ನು ಆ ಮನುಷ್ಯ ವರ್ಷ ವರ್ಷವೂ ಇಡೀ ಶಾಲೆಗೆ ಹಂಚಿದ್ದರು. ಎಷ್ಟು ತಂಡಗಳು ನನ್ನನ್ನು ಇಳಿಜಾರಿನಿಂದ ಉರುಳಿಸಿ ತೇರ್ಗಡೆಯಾಗಿ ಹೋದವೋ.

“ಒಂದು ಸಲ ತರಗತಿಗೆ ಬರ್ತೀರಾ ಸರ್?”

ಮೆಟ್ಟಿಲು ಹತ್ತುವಾಗಲೇ ಮೇಷ್ಟ್ರನ್ನು ಕುರಿತು ಆಡಬೇಕಾದ ಮಾತುಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಂಡೆ. ಆರಂಭ ಗಂಭೀರವಾಗಿತ್ತು, ಮಧ್ಯದಲ್ಲೊಂದು ಉಪಮೆಯೂ ಇತ್ತು. ತರಗತಿಗೆ ಹೊಕ್ಕು ಕೈಮುಗಿದು, “ಮಕ್ಕಳೇ,” ಎಂದೆ.

“ಮಾತು ಬೇಡ ಸರ್, ಕೂತ್ಕೊಳ್ಳಿ ಸಾಕು,” ಎಂದರು ಟೀಚರು. ಪ್ರಯೋಗಾಲಯದ ಸಾಮಾನು ಸಾಗಿಸುವ, ಕೆಳಗೆ ಗಾಲಿಗಳಿರುವ ಹಲಗೆಯನ್ನು ತೋರಿಸಿದರು. ಕುಳಿತೆ.

“ಈ ಕಾಯದ ರಾಶಿ ಎಷ್ಟು?”

“ಎಪ್ಪತ್ತು ಕೆಜಿ,” ಎಂದೆ.

“ಎಂಬತ್ತೆರಡು,” ಎಂದು ಬಾಗಿಲ ಹೊರಗಿನಿಂದ ದನಿ ಬಂತು.

ಎಲ್ಲರೂ ತಿರುಗಿದರು. ಹೊಸ್ತಿಲಾಚೆ ನಿಂತಿದ್ದ ಮಗಳು ಹೊಸ್ತಿಲು ನೋಡಿದಳು, ಬೋರ್ಡು ನೋಡಿದಳು, ನನ್ನನ್ನು ನೋಡಿದಳು. ಗಾಲಿಹಲಗೆಯ ಮೇಲೆ ಮೊಣಕಾಲು ಮಡಚಿ ಕುಳಿತ ನನ್ನ ಆಕಾರದಲ್ಲಿ ದುಃಖಕ್ಕೆ ಅಂಥ ಜಾಗ ಉಳಿದಿರಲಿಲ್ಲವೇನೋ. ಒಳಗೆ ಬಂದಳು. ಟೀಚರು ಏನೂ ಹೇಳದೆ ಸೀಮೆಸುಣ್ಣ ಕೊಟ್ಟು ಬದಿಗೆ ಸರಿದರು.

ಅವಳು ಬೋರ್ಡಿನ ಮೇಲೆ ದೊಡ್ಡದೊಂದು ಅಲ್ಪವಿರಾಮ ಬರೆದಳು. ದುಂಡನೆ ಹೊಟ್ಟೆ, ಕೆಳಗೊಂದು ಬಾಲ. ಇಡೀ ತರಗತಿ ಹಳೆಯ ಪರಿಚಿತನನ್ನು ಕಂಡಂತೆ ಉಸಿರು ಬಿಟ್ಟಿತು. ಅವಳು ಬಾಣ ಎಳೆಯತೊಡಗಿದಳು. ಕೆಳಕ್ಕೊಂದು, ಅಪ್ಪನ ತೂಕ. ಮೇಲಕ್ಕೊಂದು, ಹಲಗೆಯ ಆಸರೆ. ಬಲಕ್ಕೊಂದು, ತಳ್ಳುವ ಬಲ. ಎಡಕ್ಕೊಂದು, ಘರ್ಷಣೆ. “ಇದನ್ನ ಮಾತ್ರ ನಿರ್ಲಕ್ಷಿಸೋ ಹಾಗಿಲ್ಲ. ಗಾಲಿ ತುಕ್ಕು ಹಿಡಿದಿದೆ,” ಎಂದಳು. ನಾನು ಕುಳಿತಲ್ಲಿಂದ ಆ ಚಿತ್ರ ನೋಡುತ್ತಿದ್ದೆ. ಅಕ್ಷರಗಳು ಕೊಂಚ ಮಂಜಾಗಿದ್ದವು. ಸುಣ್ಣದ ಪುಡಿ ಕಣ್ಣಿಗೆ ಬಿದ್ದಿರಬೇಕು.

“ಬಲಗಳೆಲ್ಲ ಸಮವಾಗಿದ್ರೆ ನಿಂತಿರೋ ಕಾಯ ನಿಂತೇ ಇರುತ್ತೆ,” ಎಂದಳು. “ಈಗ ತಳ್ಳಿ.”

ಮುಂದಿನ ಬೆಂಚಿನವರೆಲ್ಲ ಎದ್ದು ತಳ್ಳಿದರು. ತುಕ್ಕು ಹಿಡಿದ ಗಾಲಿ ಕಿರುಗುಟ್ಟಿತು, ಸ್ವಲ್ಪ ಹೊತ್ತು ಹಟ ಹಿಡಿಯಿತು, ಆಮೇಲೆ ಸಡಿಲಿತು. ನಾನು ಬೆಂಚುಗಳ ನಡುವೆ ಹಾದು, ತೆರೆದ ಬಾಗಿಲು ದಾಟಿ, ವರಾಂಡದ ಕಸದ ಡಬ್ಬಿಯನ್ನು ಉರುಳಿಸಿ ನಿಂತೆ. ಒಳಗೆ ನಗು. ಅದರಲ್ಲಿ ಮಗಳ ನಗು ಬೇರೆಯಾಗಿ ಕೇಳಿತು. ಅದನ್ನು ಕೇಳಿ ಬಹಳ ದಿನವಾಗಿತ್ತು.

ಮನೆಗೆ ಬಂದಾಗ ಹೆಂಡತಿ ಡ್ಯೂಟಿ ಮುಗಿಸಿ ಬಾಗಿಲಲ್ಲೇ ಕುಳಿತಿದ್ದಳು. ನನ್ನ ಪ್ಯಾಂಟಿನ ಮೇಲಿದ್ದ ಕಸ ನೋಡಿದಳು.

“ಎಲ್ಲಿಗೆ ಹೋಗಿದ್ರಿ?”

“ಶಾಲೆಗೆ. ಮೇಷ್ಟ್ರ ತರಗತಿಗೆ ಪಾಠ ಮಾಡಿ ಬಂದೆ. ಪ್ರತಿ ಭಾನುವಾರ ಬರಬೇಕು ಅಂತ ಕೇಳಿಕೊಂಡಿದ್ದಾರೆ,” ಎಂದೆ, ಸಾಧ್ಯವಾದಷ್ಟು ವಿನಯದಿಂದ.

ಅವಳು ಮಗಳ ಕಡೆ ತಿರುಗಿದಳು. “ನಿಜ ಏನೇ?”

“ಕೂತಿದ್ರು ಅಮ್ಮ.”

“ಹಾಗಾದ್ರೆ ಸೊನ್ನೆ.”

“ಇಲ್ಲಮ್ಮ,” ಎಂದಳು ಮಗಳು. ಊಟದ ಮೇಜಿನ ಬಳಿ ಹೋಗಿ, ಮೇಷ್ಟ್ರ ಕುರ್ಚಿ ಎಳೆದು ಕುಳಿತು, ಭೌತಶಾಸ್ತ್ರದ ಪುಸ್ತಕ ತೆರೆದಳು. “ಈ ಸಲ ಅಪ್ಪ ಕದಲಿದ್ರು. ವರಾಂಡದ ತನಕ. ಕೆಲಸ ಆಗಿದೆ.”

ನಾನು ಎದೆಯುಬ್ಬಿಸಿ ಹೆಂಡತಿಯ ಕಡೆ ನೋಡಿದೆ.

“ಆದ್ರೆ ಮಾಡಿದ್ದು ತರಗತಿಯವರು,” ಎಂದು ಮಗಳು ಪೆನ್ನಿನ ಮುಚ್ಚಳ ತೆಗೆದಳು. “ಅಪ್ಪ ಬರೀ ಕಾಯ.”