ಎತ್ತಿನ ಗಾಡಿಗೆ ಏಳು ನಿಯಮ

ಏಕಾಂತಯ್ಯ: ಎರಡೂ ಕೈ ಮೇಲೆತ್ತು ಅಂದ್ನಲ್ಲ!

ಚಿಕ್ಕಬೈರಪ್ಪ: ಎತ್ತಿದ್ರೆ ಹಗ್ಗ ಯಾರ್ ಹಿಡ್ಕೊಂತಾರೆ ಸ್ವಾಮಿ?

ಏಕಾಂತಯ್ಯ: ಹಗ್ಗ ಬಿಡು!

ಚಿಕ್ಕಬೈರಪ್ಪ: ಬಿಟ್ರೆ ಎತ್ತು ಯಾರ ಮಾತು ಕೇಳ್ತವೆ?

ಏಕಾಂತಯ್ಯ: ನನ್ನ ಮಾತು. ನಾನು ಸರ್ಕಾರ.

ಚಿಕ್ಕಬೈರಪ್ಪ: ಅದು ಅವುಕ್ಕೂ ಗೊತ್ತಿರಬೇಕಲ್ಲ ಸ್ವಾಮಿ.

ಕನಕಪುರ ರಸ್ತೆಯಲ್ಲಿ, ಸಾರಕ್ಕಿಯ ಹತ್ತಿರ ಬೆಳಗಿನ ಒಂಬತ್ತೂವರೆಗೆ ಈ ಜಗಳ ನಡೆದಿತ್ತು. ಕಾನ್‌ಸ್ಟೇಬಲ್ ಏಕಾಂತಯ್ಯ ಗಾಡಿಯ ಹಿಂದೆ ಮೈ ಬಗ್ಗಿಸಿಕೊಂಡು, ಚಾಪೆಯ ಕಮಾನಿನೊಳಕ್ಕೆ ತಲೆ ತೂರಿಸಿ ಅರಚುತ್ತಿದ್ದ. ಮುಂದೆ ಬಂದು ಮನುಷ್ಯರ ಹಾಗೆ ಮಾತಾಡುವಂತಿರಲಿಲ್ಲ. ವಾಹನದ ಮುಂದೆ ನಿಲ್ಲಬಾರದು ಎಂಬ ನಿಯಮ ಅಡ್ಡ ಬರುತ್ತಿತ್ತು.

ಪಾಪ, ಅವನ ಕಷ್ಟವೂ ಸಣ್ಣದಲ್ಲ. ಮೂರು ತಿಂಗಳಲ್ಲಿ ಮೂರು ಸಲ ಪೆಟ್ಟು ತಿಂದಿದ್ದ. ಬ್ರೇಕಿಲ್ಲದ ಲಾರಿಯ ಮುಂದೆ ಕೈ ತೋರಿಸಿ ನಿಂತು ಚರಂಡಿಗೆ ಹಾರಿದ್ದ. ಹಾಲಿನ ಸೈಕಲ್ಲು ನಿಲ್ಲಿಸಲು ಹೋಗಿ ಅದರ ಕೆಳಗೇ ಬಿದ್ದಿದ್ದ. ಮೂರನೆಯದು ಜಟಕಾ ಕುದುರೆ. ಅದು ಲೈಸೆನ್ಸ್ ಕೇಳುವ ಮುಂಚೆಯೇ ಭುಜ ಕಚ್ಚಿತ್ತು. ಕೊನೆಗೆ ಸಬ್ ಇನ್ಸ್‌ಪೆಕ್ಟರ್ ರಾಮಪ್ರಸಾದರು ಏಳು ನಿಯಮ ಬರೆದ ಒಂದು ಚೀಟಿ ಕೊಟ್ಟು, “ಹತ್ತು ಗಂಟೆಗೆ ಬಂದು ನೋಡ್ತೀನಿ. ಇನ್ನೊಂದು ಗಾಯ ಆಯ್ತೋ, ನಿಮ್ಮನ್ನ ರಸ್ತೆಯಿಂದ ತೆಗೆದು ಹಳೇ ಕಡತದ ಕೋಣೆಗೆ ಹಾಕ್ತೀನಿ” ಎಂದಿದ್ದರು. ಏಕಾಂತಯ್ಯನಿಗೆ ಲಾರಿಗಿಂತ ಆ ಕೋಣೆಯ ಭಯವೇ ಹೆಚ್ಚು. ಸೀಟಿ ಊದಿದರೆ ಲೋಕ ನಿಲ್ಲುತ್ತದೆ ಎನ್ನುವ ಹೆಮ್ಮೆ ಬಿಟ್ಟರೆ ಅವನಿಗೆ ಬೇರೆ ಆಸ್ತಿ ಇರಲಿಲ್ಲ.

ನಿಯಮ ಬರೆದದ್ದು ಮೋಟಾರಿಗೆ. ಬೆಳಗಿನಿಂದ ಬಂದ ಎರಡು ಮೋಟಾರುಗಳೂ ಅವನು ಒಂದನೆಯ ನಿಯಮ ಓದಿ ಮುಗಿಸುವಷ್ಟರಲ್ಲಿ ದಾಟಿಹೋದವು. ಆಮೇಲೆ ಬಂದದ್ದು ಇದು, ಮಾರ್ಕೆಟ್ಟಿನಲ್ಲಿ ಸೊಪ್ಪು ಇಳಿಸಿ ಕೋಣನಕುಂಟೆಗೆ ವಾಪಸಾಗುತ್ತಿದ್ದ ಗಾಡಿ. ಚಿಕ್ಕಬೈರಪ್ಪ ಒಳಗೆ ಗೊರಕೆ ಹೊಡೆಯುತ್ತಿದ್ದ, ಎತ್ತುಗಳು ತಮ್ಮ ಪಾಡಿಗೆ ನಡೆಯುತ್ತಿದ್ದವು. ತಪ್ಪೂ ಸಿಕ್ಕಿತು, ನಿಧಾನವಾದ ವಾಹನವೂ ಸಿಕ್ಕಿತು.

ಏಕಾಂತಯ್ಯ: ನಿಜ ಹೇಳು, ಜೊತೇಲಿ ಎಷ್ಟು ಜನ ಇದೀರ?

ಚಿಕ್ಕಬೈರಪ್ಪ: ಇನ್ನಿಬ್ರು ಅವ್ರೆ ಸ್ವಾಮಿ. ಬಸವ, ಕೆಂಚ.

ಏಕಾಂತಯ್ಯ: (ಲಾಠಿ ಎತ್ತಿ) ಎಲ್ಲಿ ಅಡಗಿದಾರೆ? ಹೇಗಿದಾರೆ ಆಸಾಮಿಗಳು?

ಚಿಕ್ಕಬೈರಪ್ಪ: ಬಸವ ಸಾಧು. ಕೆಂಚ ಸ್ವಲ್ಪ ಮುಂಗೋಪಿ. ಹೋದ್ ವಾರ ನಮ್ಮ ಷಡ್ಡಕನ್ನ ಗೋಡೆಗೆ ಒತ್ತಿಬಿಟ್ಟ.

ಏಕಾಂತಯ್ಯ: ಕೇಸಾಯ್ತಾ?

ಚಿಕ್ಕಬೈರಪ್ಪ: ಹಿಂಡಿ ತಿಂದ, ಸುಮ್ಮನಾದ. ನಿಮ್ಮೆದುರಿಗೇ ಬಾಲ ಆಡಿಸ್ತಾ ಅವ್ನಲ್ಲ ಸ್ವಾಮಿ, ಅವ್ನೇ.

ಏಕಾಂತಯ್ಯ ಲಾಠಿ ಇಳಿಸಿ, ಯಾರೂ ನೋಡಲಿಲ್ಲ ತಾನೇ ಎಂದು ಅತ್ತಿತ್ತ ನೋಡಿ, ಚೀಟಿ ಬಿಡಿಸಿದ.

ಏಕಾಂತಯ್ಯ: ನಿಯಮ ನಾಲ್ಕು. ಎಂಜಿನ್ ಆಫ್ ಮಾಡು.

ಚಿಕ್ಕಬೈರಪ್ಪ: ಇಬ್ರಲ್ಲಿ ಯಾರನ್ನ?

ಏಕಾಂತಯ್ಯ: ನಿಂತೇ ಇದಾವೆ, ಆಫ್ ಅಂತ ಬರ್ಕೊಂತೀನಿ. ನಿಯಮ ಐದು. ಕೀಲಿ ಕೊಡು.

ಚಿಕ್ಕಬೈರಪ್ಪ: ಗಾಡಿಗೆ ಎಲ್ಲಿ ಸ್ವಾಮಿ ಕೀಲಿ?

ಏಕಾಂತಯ್ಯ: ಯಾವುದಿಲ್ಲದಿದ್ರೆ ನೀನು ಗಾಡಿ ಓಡ್ಸಕ್ಕಾಗಲ್ವೋ ಅದೇ ಕೀಲಿ. ಬಿಚ್ಚು ಆ ಹಗ್ಗಾನ!

ಚಿಕ್ಕಬೈರಪ್ಪ ಹಗ್ಗ ಬಿಚ್ಚಿ ಸುರುಳಿ ಸುತ್ತಿ ಕೊಟ್ಟ. ಆರನೆಯ ನಿಯಮದಂತೆ ಕೆಳಗಿಳಿದು, ಹತ್ತು ಹೆಜ್ಜೆ ದೂರ ಹೋಗಿ, ಕೈ ಎತ್ತಿ ನಿಂತ.

ಏಕಾಂತಯ್ಯ: ನಾನು ಹೇಳೋವರೆಗೂ ಅಲ್ಲಾಡಬಾರದು. ಈಗ ಗಾಡಿ ಹತ್ತಿ ಒಳಗೆ ನೋಡ್ತೀನಿ.

ಚಿಕ್ಕಬೈರಪ್ಪ: ಅಯ್ಯಯ್ಯೋ, ಹತ್ಬೇಡಿ ಸ್ವಾಮಿ!

ಏಕಾಂತಯ್ಯ: ನೋಡ್ದಾ! ನಿಯಮ ಏಳು. ಚಾಲಕ ಬೇಡ ಅಂದ ಜಾಗಾನ ಮೊದಲು ನೋಡಬೇಕು.

ಚಿಕ್ಕಬೈರಪ್ಪ: ನಾ ಹೇಳೋದ್ ಕೇಳಿ, ಆ ಎತ್ತುಗಳು...

ಏಕಾಂತಯ್ಯ: ಬಾಯ್ಮುಚ್ಚು!

ಏಕಾಂತಯ್ಯ ಹತ್ತಿ ಗೋಣಿಚೀಲದ ಮೇಲೆ ಕೂತನೋ ಇಲ್ಲವೋ, ಗಾಡಿ ಹೊರಟಿತು. ಒಳಗೆ ಭಾರ ಬಿದ್ದರೆ ಯಜಮಾನ ಹತ್ತಿದ, ಇನ್ನು ಮನೆಗೆ ಎಂದು ಆ ಎತ್ತುಗಳಿಗೆ ವರ್ಷಗಳ ರೂಢಿ.

ಏಕಾಂತಯ್ಯ: ಲೋ! ಕೀಲಿ ನನ್ನ ಕೈಲಿದೆ, ಗಾಡಿ ಹೋಗ್ತಾ ಇದೆ! ಹಿಡಿಯೋ!

ಚಿಕ್ಕಬೈರಪ್ಪ: ಅಲ್ಲಾಡಬಾರದು ಅಂದ್ರಲ್ಲ!

ಏಕಾಂತಯ್ಯ: ಅಲ್ಲಾಡು! ನಾನೇ ಹೇಳ್ತಿದೀನಿ, ಅಲ್ಲಾಡು!

ಚಿಕ್ಕಬೈರಪ್ಪ: ಆಂ? ಕೇಳಿಸ್ತಿಲ್ಲ ಸ್ವಾಮಿ! ದೂರ ಹೋಗ್ಬಿಟ್ರಿ!

ಏಕಾಂತಯ್ಯ ಬೇರೆ ದಾರಿ ಕಾಣದೆ ಸೀಟಿ ಊದಿದ. ಅದನ್ನು ಕೇಳಿ ಎತ್ತುಗಳು ನಡಿಗೆ ಬಿಟ್ಟು ಓಟ ಹಿಡಿದವು. ಹಾರಿದರೆ ಗಾಯ, ಗಾಯವಾದರೆ ಕಡತದ ಕೋಣೆ. ಕಣ್ಣು ಮುಚ್ಚಿ, ಕಮಾನು ತಬ್ಬಿಕೊಂಡು, ಮನೆದೇವರನ್ನು ನೆನೆಯುತ್ತಾ ಹೋದ. ಕಣ್ಣು ಬಿಟ್ಟಾಗ ಗಾಡಿ ಕೋಣನಕುಂಟೆಯ ಒಂದು ಮನೆಯಂಗಳದಲ್ಲಿ ನಿಂತಿತ್ತು. ಚಿಕ್ಕಬೈರಪ್ಪನ ಹೆಂಡತಿ ಮುನಿಲಕ್ಷ್ಮಮ್ಮ ಪೊರಕೆ ಹಿಡಿದು ಎದುರಿಗಿದ್ದಳು.

ಮುನಿಲಕ್ಷ್ಮಮ್ಮ: ಗಾಡಿ ನಮ್ದು, ಎತ್ತು ನಮ್ವು. ನೀವ್ಯಾರು? ನಮ್ಮೆಜಮಾನ್ರೆಲ್ಲಿ?

ಏಕಾಂತಯ್ಯ: ಸಾರಕ್ಕಿ ಹತ್ರ ಇದಾರೆ ತಾಯಿ. ಕೈ ಎತ್ಕೊಂಡು ನಿಂತಿದಾರೆ.

ಮುನಿಲಕ್ಷ್ಮಮ್ಮ: ಯಾಕೆ?

ಏಕಾಂತಯ್ಯ: ಅಲ್ಲಾಡಬೇಡ ಅಂದಿದ್ದೆ.

ಮುನಿಲಕ್ಷ್ಮಮ್ಮ: ಅಂದಿದ್ದಕ್ಕೆ ನಿಂತ್ಬಿಟ್ರಾ? ಹದಿನೆಂಟು ವರ್ಷದಿಂದ ಒಂದ್ ಮಾತು ಕೇಳಿದ್ದಿಲ್ಲ ಆವಯ್ಯ! ಅದೆಂಗ್ ಹೇಳಿದ್ರಿ ಸ್ವಾಮಿ? ನಂಗೂ ಹೇಳ್ಕೊಡಿ. ಕೂತ್ಕೊಳಿ, ಮಜ್ಜಿಗೆ ತರ್ತೀನಿ.

ಪೊರಕೆ ಮೂಲೆ ಸೇರಿತು. ಅಷ್ಟರಲ್ಲಿ ರಾಮಪ್ರಸಾದರ ಮೋಟಾರ್ ಸೈಕಲ್ಲು ಗುಡುಗುತ್ತಾ ಬಂತು. ಹಿಂದಿನ ಸೀಟಿನಲ್ಲಿ ಚಿಕ್ಕಬೈರಪ್ಪ ಮದುಮಗನಂತೆ ಕೂತಿದ್ದ. ಏಕಾಂತಯ್ಯ ಇನ್ನೂ ಗಾಡಿಯೊಳಗೇ ಇದ್ದ.

ರಾಮಪ್ರಸಾದ: ಏನ್ರೀ ಏಕಾಂತಯ್ಯ, ಎಲ್ಲೆಲ್ಲಿ ಪೆಟ್ಟಾಯ್ತು?

ಏಕಾಂತಯ್ಯ: ಎಲ್ಲೂ ಇಲ್ಲ ಸಾರ್.

ರಾಮಪ್ರಸಾದ: ಕೈ? ಕಾಲು? ಹಲ್ಲು?

ಏಕಾಂತಯ್ಯ: ಎಲ್ಲಾ ಇದಾವೆ ಸಾರ್.

ರಾಮಪ್ರಸಾದ: ಹಗ್ಗ ಇಲ್ಲದ ಗಾಡೀಲಿ ಇಷ್ಟು ದೂರ ಬಂದು ಒಂದು ಗೀರೂ ಇಲ್ವೇನ್ರೀ! ನಿಯಮ ಮಾಡಿರೋದೇ ನೀವು ಉಳ್ಕೊಳ್ಲಿ ಅಂತ. ಉಳ್ಕೊಂಡಿದೀರ. ಹೋಗ್ಲಿ, ರಸ್ತೆ ಡ್ಯೂಟಿ ಖಾಯಂ.

ಏಕಾಂತಯ್ಯನಿಗೆ ಖುಷಿ ತಡೆಯಲಾಗಲಿಲ್ಲ. ಗಾಡಿಯಿಂದ ಧುಮುಕಿ ಮುಂದಕ್ಕೆ ಬಂದು, ಎತ್ತುಗಳ ಎದುರೇ ಹಿಮ್ಮಡಿ ಕೂಡಿಸಿ ಸಲ್ಯೂಟ್ ಹೊಡೆದ. ಕೆಂಚ ಮೇವಿನ ಕಡೆಗೆ ಕತ್ತು ಚಾಚಿ ಒಂದು ಹೆಜ್ಜೆ ಮುಂದಿಟ್ಟಿತು. ಆ ಹೆಜ್ಜೆ ಏಕಾಂತಯ್ಯನ ಬಲಗಾಲಿನ ಮೇಲೆ ಬಿತ್ತು, ಅಲ್ಲೇ ಉಳಿಯಿತು.

ರಾಮಪ್ರಸಾದ: ಯಾಕ್ರೀ, ಕಣ್ಣಲ್ಲಿ ನೀರು?

ಏಕಾಂತಯ್ಯ: ಸಂತೋಷ ಸಾರ್!

ರಾಮಪ್ರಸಾದ: ಮುಖ ಎಲ್ಲ ಕೆಂಪಾಗ್ತಿದೆ?

ಏಕಾಂತಯ್ಯ: ತುಂಬಾ ಸಂತೋಷ ಸಾರ್!

ರಾಮಪ್ರಸಾದ: ಸರಿ, ಹಿಂದೆ ಹತ್ತಿ, ಹೋಗೋಣ.

ಏಕಾಂತಯ್ಯ: ನೀವು ಹೊರಡಿ ಸಾರ್. ಈ ಕೆಂಚನ ವಿಚಾರಣೆ ಸ್ವಲ್ಪ ಬಾಕಿ ಇದೆ.

ರಾಮಪ್ರಸಾದರು ಮೆಚ್ಚುಗೆಯಿಂದ ತಲೆಯಾಡಿಸಿ ಮೋಟಾರ್ ಸೈಕಲ್ಲು ತಿರುಗಿಸಿದರು. ಚಿಕ್ಕಬೈರಪ್ಪ ಓಡಿ ಬಂದ.

ಚಿಕ್ಕಬೈರಪ್ಪ: (ಪಿಸುಮಾತಿನಲ್ಲಿ) ಸ್ವಾಮಿ, ಹಿಂದಕ್ಕೆ ತಳ್ಳಲಾ?

ಏಕಾಂತಯ್ಯ: (ಸಲ್ಯೂಟ್ ಇಳಿಸದೆ, ಹಲ್ಲು ಕಚ್ಚಿ) ಮುಟ್ಟಬೇಡ ಕಣಪ್ಪಾ! ಅವನು ಕಾಲೆತ್ತಿದ್ರೆ ನಾನು ಕಿರುಚ್ಕೊಂತೀನಿ. ಸಾಹೇಬ್ರು ಆ ತಿರುವು ದಾಟ್ಲಿ!