ಮಾವನ ಟವೆಲ್ಲೂ ನನ್ನ ಗೂಳಿ ಕಾರೂ

ಡ್ರೈವಿಂಗ್ ಸ್ಕೂಲ್ ಇಟ್ಕೊಂಡವನು ನಗೋ ವಿಷಯ ಹುಡುಕ್ಕೊಂಡು ಎಲ್ಲೂ ಹೋಗಬೇಕಾಗಿಲ್ಲ. ಅವೇ ದಿನಾ ಬೆಳಿಗ್ಗೆ ಫೀಸು ಕಟ್ಟಿ ಬಂದು ಪಕ್ಕದಲ್ಲಿ ಕೂತ್ಕೊಳ್ತವೆ. ಈ ಸಲ ಮಾತ್ರ ನಗೆಪಾಟಲಾದವನು ನಾನೇ. ಕಡೂರಿನ ಜನ ಉಪ್ಪು ಖಾರ ಹಚ್ಚಿ ಹೇಳೋ ಮುಂಚೆ ನಾನೇ ಹೇಳಿಬಿಡೋದು ವಾಸಿ.

೧. ಎರಡನೇ ಬ್ರೇಕು

ಕಲಿಸೋ ಕಾರಿನಲ್ಲಿ ಎರಡು ಬ್ರೇಕು ಇರುತ್ತವೆ. ಒಂದು ಕಲಿಯೋರ ಕಾಲಡಿ, ಇನ್ನೊಂದು ಎಡಗಡೆ ಸೀಟಿನಲ್ಲಿ ಕೂತ ನನ್ನ ಕಾಲಡಿ. ಕಲಿಯೋರು ತಮ್ಮ ಬ್ರೇಕನ್ನ ಅಲಂಕಾರಕ್ಕೆ ಇಟ್ಟಿದ್ದಾರೆ ಅಂದ್ಕೊಂಡಿರ್ತಾರೆ.

ಒಬ್ಬರು ಮೇಷ್ಟ್ರು ಕಲಿಯೋಕೆ ಬರ್ತಿದ್ರು. ಒಂದಿನ ಎದುರಿಗೆ ಹಸು ಅಡ್ಡ ಬಂದಾಗ ಸ್ಟೇರಿಂಗ್ ಬಿಟ್ಟು ಎರಡೂ ಕೈ ಎತ್ತಿ ಮುಗಿದುಬಿಟ್ರು. ನಾನು ಬ್ರೇಕ್ ಮೇಲೆ ನಿಂತೇಬಿಟ್ಟೆ. ಗಾಡಿ ಹಸುವಿನ ಮೂತಿ ಹತ್ರ ಹೋಗಿ ನಿಂತ ಮೇಲೆ, ಯಾಕ್ ಮೇಷ್ಟ್ರೇ ಹಿಂಗ್ ಮಾಡಿದ್ರಿ ಅಂತ ಕೇಳಿದೆ.

"ಬ್ರೇಕು ನಿಮ್ಮ ಹತ್ರ ಇದೆಯಲ್ಲಪ್ಪಾ. ಅದಕ್ಕೇ ನಾನು ದೇವರ ಕಡೆ ನೋಡ್ಕೊಂಡೆ" ಅಂದ್ರು.

ಇಂಥವರ ಪಕ್ಕ ಕೂತೂ ಕೂತೂ ನನ್ನ ಆಯಸ್ಸೆಲ್ಲ ಇಪ್ಪತ್ತರ ಸ್ಪೀಡಿನಲ್ಲೇ ಕಳೀತು. ವಯಸ್ಸು ಐವತ್ತು ದಾಟಿತು, ಗಾಡಿ ದಾಟಲಿಲ್ಲ. ಅಂಥ ಹೊತ್ತಿನಲ್ಲಿ ಆ ಹೊಸ ಕಾರು ಬಂತು. ನೋಡೋಕೆ ಗಿಡ್ಡ, ಡಿಕ್ಕಿಯೂ ಇಲ್ಲದ ಮೋಟು ಕಾರು. ಇಂಜಿನ್ ಮಾತ್ರ ಗೂಳಿ. ನಿಂತ ಜಾಗದಿಂದ ನೂರರ ಸ್ಪೀಡಿಗೆ ಹೋಗೋಕೆ ಅದಕ್ಕೆ ಒಂದು ಸಲ ಉಸಿರು ಬಿಡೋಷ್ಟು ಹೊತ್ತು ಸಾಕಂತೆ. ಸಾಯೋದ್ರೊಳಗೆ ಒಂದೇ ಒಂದು ಸಲ ನೂರು ಮುಟ್ಟಬೇಕು ಅನ್ನೋ ಆಸೆ ಹೊಟ್ಟೆಯಲ್ಲಿ ಕೂತುಬಿಟ್ಟಿತು.

೨. ಟೊಮೇಟೊ ನ್ಯಾಯ

ಶೋರೂಮಿಗೆ ಹೋದರೆ, ಕಾರು ಬೇಕಾದ್ರೆ ಆರು ತಿಂಗಳು ಕಾಯಬೇಕು ಅಂದ್ರು. ಈ ವಾರವೇ ಬೇಕು ಅಂದ್ರೆ ಕಂಪನಿ ಬೆಲೆ ಮೇಲೆ ಇನ್ನೂ ಎರಡು ಲಕ್ಷ. ಅದಕ್ಕೆ ಬಿಲ್ಲಿಲ್ಲ. ಕೇಳಿದ್ರೆ ಸೀಟ್ ಕವರು, ಕಾಲು ಒರೆಸೋ ಮ್ಯಾಟು ಅಂತ ಏನೇನೋ ಲೆಕ್ಕ ಒಪ್ಪಿಸ್ತಾರೆ. ಎರಡು ಲಕ್ಷದ ಮ್ಯಾಟಿನ ಮೇಲೆ ಚಪ್ಪಲಿ ಕಾಲು ಇಡೋದಾದ್ರೂ ಹೆಂಗೆ?

ಆಸೆ ತಡೀಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಹತ್ರ ಮೆಲ್ಲಗೆ ವಿಷಯ ತೆಗೆದೆ. ಎರಡು ಲಕ್ಷ ಯಾಕೆ ಜಾಸ್ತಿ ಅಂದಳು. ಡಿಮ್ಯಾಂಡು ಅಂದೆ.

"ಟೊಮೇಟೊಗೂ ಡಿಮ್ಯಾಂಡ್ ಇತ್ತು. ಆಗ ನಾವು ಹುಣಸೆಹಣ್ಣು ಹಾಕಿ ಸಾರು ಮಾಡ್ಕೊಳ್ಲಿಲ್ವಾ?"

ಇದು ಟೊಮೇಟೊ ಅಲ್ಲ ಕಣೇ, ಇದರ ಸ್ಪೀಡೇ ಬೇರೆ ಅಂತ ವಿವರಿಸೋಕೆ ಹೋದೆ. ಅವಳು ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟು, "ಹೋಗಿ ಹೋಗಿ, ಬೇಗ ಹೋಗಿ. ರೈಲ್ವೆ ಗೇಟ್ ಹಾಕಿರುತ್ತೆ, ಎಲ್ಲರಿಗಿಂತ ಮುಂಚೆ ಹೋಗಿ ನಿಂತ್ಕೊಳ್ಳಿ" ಅಂದಳು.

೩. ಅಜ್ಜಂಪುರದ ಅವಸರ

ಅಜ್ಜಂಪುರದಲ್ಲಿ ನನ್ನ ಸ್ನೇಹಿತನೊಬ್ಬ ಈರುಳ್ಳಿ ವ್ಯಾಪಾರಿ. ಜಾಸ್ತಿ ದುಡ್ಡು ಕೊಟ್ಟು ಅದೇ ಕಾರನ್ನ ಅದೇ ವಾರ ಬಿಡಿಸಿಕೊಂಡ ಅಂತ ಸುದ್ದಿ ಬಂತು. ಅನುಭವಸ್ಥನ ಮಾತು ಕೇಳೋಣ ಅಂತ ಬಸ್ ಹತ್ತಿ ಹೋದೆ. ಮನೆ ಮುಂದೆ ಹಳೇ ಸ್ಕೂಟರ್ ಒಂದೇ ನಿಂತಿತ್ತು. ಕಾರೆಲ್ಲಪ್ಪಾ ಅಂದೆ.

ಶೋರೂಮಿನಲ್ಲೇ ಇದೆಯಂತೆ. ದುಡ್ಡು ಕಟ್ಟಿದ ಮಾರನೇ ದಿನವೇ ಆಷಾಢ ಶುರುವಾಯ್ತು. ಆಷಾಢದಲ್ಲಿ ಹೊಸ ಗಾಡಿ ಹೊಸಲು ಮುಂದೆ ಬಂದ್ರೆ ನಾನು ತವರಿಗೆ ಹೋಗ್ತೀನಿ ಅಂತ ಅವನ ಹೆಂಡತಿ ಪಟ್ಟು ಹಿಡಿದಳಂತೆ. ಶೋರೂಮಿನವರು ಇವನ ಕಾರನ್ನೇ ಬಾಗಿಲಲ್ಲಿ ನಿಲ್ಲಿಸಿ ಬಂದೋರಿಗೆಲ್ಲ ತೋರಿಸ್ತಿದ್ರು. ದಿನಾ ಸಂಜೆ ಇವನು ಸ್ಕೂಟರಲ್ಲಿ ಅಲ್ಲೀತನಕ ಹೋಗಿ, ಯಾರೂ ಗೀಚಿಲ್ಲ ತಾನೇ ಅಂತ ನೋಡ್ಕೊಂಡು ಬರ್ತಿದ್ದ.

ಹಂಗಾದ್ರೆ ಜಾಸ್ತಿ ದುಡ್ಡು ಕೊಟ್ಟಿದ್ದು ದಂಡ ಅನ್ನು ಅಂದೆ. ಅವನಿಗೆ ಸಿಟ್ಟು ಬಂತು.

"ದಂಡ ಯಾಕಾಗುತ್ತೋ? ಬೇಗ ಬಂದಿದ್ದಕ್ಕೇ ತಾನೇ ಇಷ್ಟು ದಿನ ಕಾಯೋಕಾಗಿದ್ದು!"

೪. ಗೂಳಿ ಸವಾರಿ

ದುಡ್ಡಿನ ಮಾತು ಆಮೇಲೆ, ಓಡಿಸಿ ನೋಡೋಣ ಅಂತ ತರೀಕೆರೆಗೆ ಹೋದೆ. ಅಲ್ಲಿನ ಶೋರೂಮಿನ ಹುಡುಗಿ ಮೊದಲು ತಾನು ಓಡಿಸಿ ತೋರಿಸ್ತೀನಿ ಸಾರ್ ಅಂದಳು. ನಾನು ಅಭ್ಯಾಸದಂತೆ ಎಡಗಡೆ ಕೂತೆ. ಊರು ದಾಟಿದ್ದೇ ತಡ ಆಕ್ಸಿಲರೇಟರ್ ಒತ್ತಿದಳು ನೋಡಿ, ನನ್ನ ಬೆನ್ನು ಸೀಟಿಗೆ ಅಂಟ್ಕೊಂಡಿತು. ಕಾಲು ತಾನೇ ತಾನಾಗಿ ಬ್ರೇಕ್ ಹುಡುಕ್ತು. ಅಲ್ಲಿ ಬ್ರೇಕೆಲ್ಲಿ ಬರಬೇಕು? ಇಲ್ಲದ ಬ್ರೇಕನ್ನ ತುಳಿದೂ ತುಳಿದೂ ಮ್ಯಾಟು ಸುರುಳಿ ಸುತ್ತಿ ಮಂಡಿಗೆ ಬಂತು.

ಆಮೇಲೆ ನನ್ನ ಸರದಿ. ಕನ್ನಡಿ ಸರಿಮಾಡಿದೆ, ಬೆಲ್ಟ್ ಹಾಕಿದೆ, ಹಾರ್ನ್ ಹೊಡೆದೆ, ಕಿಟಕಿಯಿಂದ ಕೈ ಹೊರಗೆ ಹಾಕಿ ಸಿಗ್ನಲ್ ಕೊಟ್ಟೆ. ಬಲಗಾಲಿಗೆ ಬುದ್ಧಿ ಹೇಳಿದ್ರೂ ಅದು ಮೂವತ್ತಕ್ಕಿಂತ ಮೇಲೆ ಒತ್ತಲೊಲ್ಲದು. ಇಷ್ಟು ವರ್ಷ ಬೇರೆಯವರನ್ನ ನಿಧಾನ, ನಿಧಾನ ಅಂತ ಗದರಿಸಿದ ಕಾಲು ಅದು. ಕಬ್ಬಿನ ಟ್ರ್ಯಾಕ್ಟರ್ ಒಂದು ಹಾರ್ನ್ ಹೊಡ್ಕೊಂಡು ನಮ್ಮನ್ನ ಹಿಂದೆ ಹಾಕಿ ಹೋಯ್ತು.

"ಸಾರ್, ಸ್ಪೋರ್ಟ್ ಮೋಡ್‌ಗೆ ಹಾಕ್ಲಾ? ಇನ್ನೂ ಜೋರಾಗಿ ಹೋಗುತ್ತೆ" ಅಂದಳು ಹುಡುಗಿ. ಹಾಕಮ್ಮ ಅಂದೆ. ಹಾಕಿದಳು. ಹಿಂದಿದ್ದ ಎರಡನೇ ಟ್ರ್ಯಾಕ್ಟರೂ ಮುಂದೆ ಹೋಯ್ತು.

೫. ಟವೆಲ್ಲಿನೊಳಗಿನ ಬೆರಳು

ನನ್ನ ಹುಚ್ಚು ಬಿಡಲ್ಲ ಅಂತ ಖಾತ್ರಿಯಾದ ಮೇಲೆ ಹೆಂಡತಿ ಯಗಟಿಯಿಂದ ಅವರಪ್ಪನನ್ನ ಕರೆಸಿದಳು. ನಮ್ಮ ಮಾವ ಕುರಿ ವ್ಯಾಪಾರದಲ್ಲಿ ಪಳಗಿದ ಕೈ. ಸಂತೆಯಲ್ಲಿ ಅವರು ಬೆಲೆ ಬಾಯಲ್ಲಿ ಆಡೋದಿಲ್ಲ. ಇಬ್ಬರ ಕೈ ಮೇಲೆ ಟವೆಲ್ ಹಾಕಿ, ಒಳಗೆ ಎದುರಿನವನ ಬೆರಳು ಹಿಡಿದು ಬೆಲೆ ತಿಳಿಸೋದು. ಒಪ್ಪಿ ಕೈ ಒತ್ತಿದ ಮೇಲೆ ಆ ಮಾತು ಕಲ್ಲಿನ ಮೇಲೆ ಬರೆದಂಗೆ.

ನನ್ನ ಕಲಿಸೋ ಕಾರಿನಲ್ಲೇ ಮಾವನನ್ನ ಕೂರಿಸ್ಕೊಂಡು ಕಡೂರಿನ ಶೋರೂಮಿಗೆ ಹೋದೆ. ಮಾವ ಹೊಸ ಕಾರಿನ ಬೆನ್ನು ತಟ್ಟಿದ್ರು, ಪಕ್ಕೆ ಒತ್ತಿದ್ರು, ಬಾನೆಟ್ ಎತ್ತಿಸಿ ಹಲ್ಲು ನೋಡೋರ ಹಾಗೆ ಬಗ್ಗಿ ನೋಡಿದ್ರು. ಆಮೇಲೆ ಹೆಗಲಿನ ಟವೆಲ್ ತೆಗೆದು ಮ್ಯಾನೇಜರ್ ಕೈ ಮೇಲೆ ಹಾಕಿಬಿಟ್ರು.

ಆ ಮ್ಯಾನೇಜರ್ ಟೈ ಕಟ್ಟಿದ್ರೂ ಸಿಂಗಟಗೆರೆ ಕಡೆಯವನು, ಅವನ ತಾತ ದನದ ವ್ಯಾಪಾರಿ. ಟವೆಲ್ ಕಂಡದ್ದೇ ಅವನ ಕಣ್ಣು ಬೆಳಗಿತು. ಒಳಗೆ ಬೆರಳು ಹಿಡಿದು ಇಬ್ಬರೂ ಶುರು ಮಾಡಿದ್ರು. ಮಾವ ತಲೆ ಆಡಿಸ್ತಾರೆ, ಅವನು ಹುಬ್ಬು ಹಾರಿಸ್ತಾನೆ. ಬೇರೆ ಗಿರಾಕಿಗಳೆಲ್ಲ ಸುತ್ತ ನಿಂತು ನೋಡ್ತಿದ್ದಾರೆ. ಎಷ್ಟಕ್ಕೆ ಬಂತು ಮಾವ ಅಂತ ನಾನು ತಡೀಲಾರದೆ ಕೇಳಿದೆ.

"ಬಾಯಲ್ ಹೇಳೋದಾದ್ರೆ ಟವೆಲ್ ಯಾಕಪ್ಪಾ ಹಾಕೋದು?" ಅಂದ್ರು.

ಕೊನೆಗೆ ಮಾವ ಟವೆಲ್ ಕೊಡವಿ ಹೆಗಲಿಗೆ ಹಾಕ್ಕೊಂಡ್ರು. ಮ್ಯಾನೇಜರ್ ನನ್ನ ಕೈ ಕುಲುಕಿ, ಎರಡು ಲಕ್ಷ ಬಿಟ್ಟಿದ್ದೀವಿ ಸಾರ್, ಕಂಪನಿ ಬೆಲೆಗೇ ತಗೊಂಡ್ಹೋಗಿ ಅಂದ. ನನಗೆ ಕಣ್ಣಲ್ಲಿ ನೀರು ಬಂತು. ಮಾವನ ಕಾಲು ಮುಟ್ಟಿ ನಮಸ್ಕಾರ ಮಾಡಿದೆ, ಎಲ್ಲರಿಗೂ ಮೈಸೂರ್ ಪಾಕ್ ಹಂಚಿಸಿದೆ. ಹಂಚ್ತಾ ಹಂಚ್ತಾ ಆಚೆ ನೋಡ್ತೀನಿ, ಶೋರೂಮಿನ ಒಬ್ಬ ನನ್ನ ಹಳೇ ಕಾರಿನ ಮೇಲೆ ಹತ್ತಿ ಡ್ರೈವಿಂಗ್ ಸ್ಕೂಲಿನ ಬೋರ್ಡು ಬಿಚ್ಚುತ್ತಿದ್ದಾನೆ!

ಓಡಿ ಬಂದು, ಮಾವ, ಅದು ನನ್ನ ಅನ್ನದ ತಟ್ಟೆ, ಯಾಕ್ ಕೊಟ್ರಿ ಅಂದೆ.

"ಹಳೇ ಕುರಿ ಕೊಡ್ದೆ ಹೊಸ ಟಗರು ಯಾವನ್ ಕೊಡ್ತಾನೆ? ಅದೂ ಆ ಮುದಿ ಕುರಿಗೆ ಎರಡು ಲಕ್ಷ ಕಟ್ಟಿಸಿದ್ದೀನಿ" ಅಂದ್ರು. ವಾಪಸ್ ಕೇಳೋಣ ಅಂದ್ರೆ, ಟವೆಲ್ಲಿನೊಳಗೆ ಕೈ ಒತ್ತಿ ಮಾತು ತಪ್ಪಿದ್ರೆ ಸಂತೆಗೆ ಮುಖ ಹೆಂಗ್ ತೋರಿಸ್ಲಿ ಅಂತ ಮಾವ ಜಗ್ಗಲಿಲ್ಲ.

೬. ನೂರು

ಫೀಸು ಕಟ್ಟಿದೋರು ಮಾರನೇ ದಿನವೇ ಬಾಗಿಲಿಗೆ ಬಂದು ನಿಂತ್ರು. ಇನ್ನೇನು ಮಾಡ್ಲಿ? ಗೂಳಿ ಕಾರಿಗೇ ಎರಡನೇ ಬ್ರೇಕು ಕೂರಿಸಿ, ತಲೆ ಮೇಲೆ ಬೋರ್ಡು ಹಾಕಿ, ಹಿಂದೆ ಕೆಂಪು 'ಎಲ್' ಅಕ್ಷರ ಅಂಟಿಸಿದೆ. ಊರಲ್ಲೇ ಜೋರಾದ ಕಾರು ಈಗ ದಿನಾ ಇಪ್ಪತ್ತರಲ್ಲಿ ಹೋಗುತ್ತೆ. ನಾನು ಎಡಗಡೆ ಕೂತಿರ್ತೀನಿ, ಹಸು ಕಂಡ್ರೆ ಮೇಷ್ಟ್ರು ಈಗಲೂ ಕೈ ಮುಗೀತಾರೆ. ರಾತ್ರಿ ಮಲಗಿದ್ರೆ ದುಃಖ ಒತ್ತರಿಸಿ ಬರ್ತಿತ್ತು.

ಹೆಂಡತಿ ಅದನ್ನ ನೋಡಿದ್ಲು ಅಂತ ಕಾಣುತ್ತೆ. ನಮ್ಮಪ್ಪ ಕುದುರಿಸಿದ ಕಾರು, ನಂಗೂ ಕಲಿಸಿ ಅಂತ ಕೂತಳು. ನಾಲ್ಕು ವಾರದಲ್ಲಿ ಕೈ ಕೂತಿತು, ಆಮೇಲೆ ಲೈಸೆನ್ಸೂ ಬಂತು. ಒಂದು ಭಾನುವಾರ ಯಗಟಿಗೆ ಹೊರಟೆವು. ಅವಳು ಸ್ಟೇರಿಂಗಿಗೆ, ನಾನು ಎಡಗಡೆ. ರಸ್ತೆ ಖಾಲಿ ಹೊಡೀತಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಆಕ್ಸಿಲರೇಟರ್ ಒತ್ತಿಯೇಬಿಟ್ಟಳು. ಅರವತ್ತು ಹೋಯ್ತು, ಎಂಬತ್ತು ಹೋಯ್ತು. ನಿಧಾನ ಕಣೇ ಅಂತ ಕೂಗಿದೆ.

"ಈ ರಸ್ತೇಲಿ ಗೇಟ್ ಇಲ್ಲ ಕಣ್ರೀ, ಸುಮ್ನೆ ಕೂತ್ಕೊಳ್ಳಿ."

ನನ್ನ ಕಾಲು ಬ್ರೇಕಿನ ಮೇಲೇ ಇತ್ತು. ಅಮ್ಮನಾಣೆ ಒತ್ತಲಿಲ್ಲ. ಮುಳ್ಳು ನೂರು ಮುಟ್ಟಿತು. ಹುಚ್ಚನ ಹಾಗೆ ನಕ್ಕುಬಿಟ್ಟೆ.

ಯಗಟಿಯಲ್ಲಿ ಜಗಲಿ ಮೇಲೆ ಕೂತಿದ್ದ ಮಾವ, ಬಾಗಿಲು ಹಿಡ್ಕೊಂಡು ಇಳಿದ ನನ್ನನ್ನೂ, ಬೀಗದ ಕೈ ತಿರುಗಿಸ್ಕೊಂಡು ಇಳಿದ ಮಗಳನ್ನೂ ನೋಡಿ, ಟಗರು ಹೆಂಗೈತವ್ವಾ ಅಂದ್ರು.

"ಪರವಾಗಿಲ್ಲ ಕಣಪ್ಪಾ" ಅಂದಳು ನನ್ನ ಹೆಂಡತಿ. "ಸ್ವಲ್ಪ ನಿಧಾನ."